ವಾಂತಿ ನಾಟಕವಲ್ಲ, ಔಷಧಿ ಕೊಡಿಸದಿರುವುದೇ ಹಿಂಸೆ

“ಬಸುರಿಗೆ ವಾಂತಿ ಸಹಜ, ನಾವೇನು ಹೆತ್ತಿಲ್ಲವೇ?” ಎಂಬ ಮಾತು ಎಷ್ಟು ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿದೆ! ಬೆಳಗಿನ ಓಕರಿಕೆ ಸಹಜ, ನಿಜ. ಆದರೆ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದೆ, ತೂಕ ಇಳಿದು, ಮೇಲೇಳಲಾಗದೆ ಬೀಳುವುದು ಸಹಜವಲ್ಲ. ಅದು ರೋಗ. 100 ಬಸುರಿಯರಲ್ಲಿ 1ರಿಂದ 3 ಮಂದಿಯನ್ನು ಅದು ಕಾಡುತ್ತದೆ.

ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಹೀಗಾಯಿತು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ರೋಗಾಣು ಇದೆ ಎಂದು ತಿಳಿಯಿತು. ಗಂಡನ ಮನೆಯವರಿಗೆ ಅಷ್ಟೇ ಸಾಕಾಯಿತು. “ರೋಗದ ಹೆಣ್ಣನ್ನು ನಮ್ಮ ಕೊರಳಿಗೆ ಕಟ್ಟಿದಿರಿ, ಆಸ್ಪತ್ರೆ ಖರ್ಚು ನೀವೇ ಕೊಡಿ” ಎಂದು ತವರಿಗೆ ಹೇಳಿಕಳಿಸಿದರು. ತಂದೆ ಸಾಲ ತಂದ ಮೇಲೆಯೇ ಅವಳಿಗೆ ಡ್ರಿಪ್ ಹಾಕಿಸಿದ್ದು. ಇದು ವರದಕ್ಷಿಣೆಯ ಇನ್ನೊಂದು ಕಂತಲ್ಲದೆ ಮತ್ತೇನು?

ಆ ರೋಗಾಣುವಿನ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಹೊಟ್ಟೆಹುಣ್ಣಿಗೆ ಚಿಂತೆ, ಖಾರವೇ ಕಾರಣವೆಂದು ನಂಬಿದ್ದ ಕಾಲದಲ್ಲಿ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಇದನ್ನು ಕಂಡುಹಿಡಿದರು. 2005ರಲ್ಲಿ ನೊಬೆಲ್ ಪಡೆದರು. ಇದು ಸಾಮಾನ್ಯವಾಗಿ ಬಾಲ್ಯದಲ್ಲೇ ಎಂಜಲು, ಕೊಳಕು ನೀರುಗಳಿಂದ ಸೇರುತ್ತದೆ. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿದೆ. ಅತ್ತೆಯ ಹೊಟ್ಟೆಯಲ್ಲೂ ಇರಬಹುದು, ಮಗನ ಹೊಟ್ಟೆಯಲ್ಲೂ ಇರಬಹುದು. ಅವರ ಔಷಧಿಗೆ ಯಾರ ತವರು ದುಡ್ಡು ಕೊಡಬೇಕು?

ತೀವ್ರ ವಾಂತಿಯ ಬಸುರಿಯರಲ್ಲಿ ಈ ರೋಗಾಣು ಹೆಚ್ಚಾಗಿ ಕಾಣುತ್ತದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಇದೊಂದೇ ಕಾರಣವಲ್ಲ. ಭ್ರೂಣ ಮತ್ತು ಮಾಸು ಸ್ರವಿಸುವ ಜಿಡಿಎಫ್15 ಎಂಬ ಹಾರ್ಮೋನು ಮುಖ್ಯ ಕಾರಣವೆಂದು 2023ರಲ್ಲಿ ತಿಳಿದುಬಂತು. ಆ ಸಂಶೋಧಕರಲ್ಲೊಬ್ಬರಾದ ಮರ್ಲಿನಾ ಫೆಜೋ 1999ರಲ್ಲಿ ಇದೇ ರೋಗದಿಂದ ಗರ್ಭ ಕಳೆದುಕೊಂಡವರು. ವೈದ್ಯರು ಅವರ ನೋವನ್ನೂ ನಂಬಿರಲಿಲ್ಲ. ನಾನು ಕೇಳುತ್ತೇನೆ: ಮಗು ಗಂಡನ ಮನೆಯದು, ವಾಂತಿ ಮಾತ್ರ ತವರಿನದೇ?

ಗೆಳತಿಯರೇ, ಒಂದು ದಿನವಿಡೀ ನೀರು ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ತಲೆಸುತ್ತಿ ಬಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ ಕಾಯಬೇಡಿ. ಬಸುರಿಯರಿಗೆ ಕೊಡಬಹುದಾದ ವಾಂತಿ ನಿಲ್ಲಿಸುವ ಮಾತ್ರೆಗಳಿವೆ. ರೋಗಾಣುವಿನ ಔಷಧಿಯನ್ನು ಮಾತ್ರ ತಾವಾಗಿ ನುಂಗಬಾರದು. ಅದನ್ನು ಈಗಲೋ ಹೆರಿಗೆಯ ನಂತರವೋ ಎಂದು ವೈದ್ಯರೇ ಹೇಳಬೇಕು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಗೆ ಔಷಧಿ, ಪರೀಕ್ಷೆ ಉಚಿತ. “ದುಡ್ಡಿಲ್ಲ” ಎಂಬ ನೆಪ ಇಲ್ಲಿಗೆ ಮುಗಿಯಿತು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಹೊಡೆತವನ್ನಷ್ಟೇ ಹಿಂಸೆ ಎನ್ನುವುದಿಲ್ಲ. ಹೆಣ್ಣಿನ ಆರೋಗ್ಯಕ್ಕೆ ಅಪಾಯವಾಗುವಂತೆ ಮಾಡಬೇಕಾದ್ದನ್ನು ಮಾಡದೆ ಬಿಡುವುದೂ ಅದರ ಕಣ್ಣಿಗೆ ಹಿಂಸೆಯೇ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. 181ಕ್ಕೂ ಫೋನ್ ಮಾಡಬಹುದು.

ಸಂಘದ ಸಭೆಗೆ ಬಸುರಿಯೊಬ್ಬಳು ಎರಡು ವಾರ ಬರದಿದ್ದರೆ ದಂಡ ಬರೆದುಕೊಂಡು ಸುಮ್ಮನಾಗಬೇಡಿ. ನಾಲ್ವರು ಕೂಡಿ ಅವಳ ಮನೆಗೆ ಹೋಗಿ. ಅತ್ತೆಯಾಗಿರುವ ಸದಸ್ಯೆಯೇ ಮುಂದೆ ನಡೆಯಲಿ.