ಮಡ್‌ಗಾರ್ಡ್ ಕೊಯ್ಯುವ ಮೊದಲು

ಉಳ್ಳಾಗಡ್ಡಿ ಬಾಡಿಗೆಗೆಂದು ವಿಜಯಪುರದಿಂದ ನಾಸಿಕ್ ಕಡೆ ಹೋಗಿದ್ದೆವು. ಚಾಂದವಡ್ ದಾಟಿ ಮಾಲೆಗಾಂವ್ ದಿಕ್ಕಿಗೆ ಹೋಗುವಾಗ ರಾಹುಡ್ ಘಾಟಿನ ತಿರುವಿನಲ್ಲಿ ಜೊತೆಗಾರನ ಪಿಕಪ್ಪಿನ ಮುಂದಿನ ಎಡಗಾಲಿ ಗರ್‌ರ್ ಎಂದಿತು. ವಾರದ ಹಿಂದಷ್ಟೇ 215/75 ಆರ್ 15 ಟೈರು ತೆಗೆಸಿ 235/75 ಆರ್ 15 ಹಾಕಿಸಿದ್ದ. ಘಾಟು ಇಳಿದು ಚಹಾ ಕುಡಿಯುವಾಗ ‘ಹಳೇ ಸೈಜಿಗೇ ಹೋಗೋ ತಮ್ಮಾ’ ಅಂದೆ. ಊರಿಗೆ ಬಂದ ಮೇಲೆ ಸ್ಟ್ಯಾಂಡಿನ ಗೆಳೆಯರೆಲ್ಲ ಆ ಮಾತಿನ ಮೇಲೆ ಮುಗಿಬಿದ್ದರು. ಅವರು ಅಂದದ್ದಕ್ಕೆ ಒಂದೊಂದಾಗಿ ನನ್ನ ಉತ್ತರ ಇಲ್ಲಿದೆ.

1. ‘ಸ್ವಲ್ಪ ತಿಕ್ಕಿದರೇನು, ತಾನೇ ಸವೆದು ಸರಿಹೋಗುತ್ತದೆ.’

ಸವೆಯುವುದು ಯಾವುದು ಎಂಬುದೇ ಪ್ರಶ್ನೆ. ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ತಿಕ್ಕಿದರೆ ಪ್ಲಾಸ್ಟಿಕ್ಕೇ ಸವೆದೀತು, ಒಪ್ಪುತ್ತೇನೆ. ತಗಡಿನ ಅಂಚಿಗೋ ಬೋಲ್ಟಿನ ತಲೆಗೋ ತಿಕ್ಕಿದರೆ ಸವೆಯುವುದು ಟೈರು, ಅದೂ ಪಕ್ಕದ ಗೋಡೆ. ನೆಲಕ್ಕೆ ತಾಗುವ ಭಾಗದ ಪಂಚರಿಗೆ ಪ್ಯಾಚ್ ಇದೆ. ಪಕ್ಕದ ಗೋಡೆ ಸೀಳಿದರೆ ಟೈರನ್ನೇ ಎಸೆಯಬೇಕು.

2. ‘ಹೊಲದ ದಾರಿಯಲ್ಲಿ ಗಾಡಿಯ ಹೊಟ್ಟೆ ತಾಗುತ್ತದೆ, ದೊಡ್ಡ ಟೈರೇ ಬೇಕು.’

ಇದು ಅವರ ಗಟ್ಟಿ ಮಾತು. ಲೆಕ್ಕ ಹಾಕೋಣ. ಹಳೇ ಟೈರಿನ ವ್ಯಾಸ 703.5 ಮಿಲಿಮೀಟರ್, ಹೊಸದರದು 733.5. ಗಾಡಿ ಏಳುವುದು ಅದರ ಅರ್ಧ, ಬರೀ 15 ಮಿಲಿಮೀಟರ್. 1.3 ಟನ್ನಿನ ಗಾಡಿಗೆ ಎರಡು ಟನ್ ಹೇರಿದರೆ ಸ್ಪ್ರಿಂಗು ಇದಕ್ಕಿಂತ ಹೆಚ್ಚೇ ಕುಸಿಯುತ್ತದೆ. ಹೊಟ್ಟೆ ತಾಗಬಾರದೆಂದರೆ ಮೊದಲು ಲೋಡು ಇಳಿಸಬೇಕು. ಮೇಲಾಗಿ ಟೈರು ಶೇ 4ರಷ್ಟು ದೊಡ್ಡದಾದರೆ ಅದೇ ಗೇರಿನಲ್ಲಿ ಘಾಟು ಹತ್ತುವ ಎಳೆತ ಅಷ್ಟೇ ಕಡಿಮೆ. ಮೀಟರು 80 ತೋರಿಸುವಾಗ ಗಾಡಿ 83ರ ಮೇಲಿರುತ್ತದೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

3. ‘ಸ್ಪೇಸರ್ ಹಾಕಿದರೆ ಮುಗೀತು.’

ಒಳಗೆ ಚಾಸಿ ಕಡೆ ತಿಕ್ಕುತ್ತಿದ್ದರೆ ಸ್ಪೇಸರಿನಿಂದ ಬಿಡುಗಡೆ ಸಿಕ್ಕೀತು. ಆದರೆ ಗಾಲಿ ಹೊರಗೆ ಸರಿದಷ್ಟೂ ಸ್ಟೇರಿಂಗ್ ತಿರುಗಿಸಿದಾಗ ಅದು ಬೀಸುವ ಸುತ್ತು ದೊಡ್ಡದಾಗುತ್ತದೆ. ಒಳಗಿನ ತಿಕ್ಕಾಟ ಬಂಪರಿನ ಮೂಲೆಗೆ ಬಂದು ಕೂರುತ್ತದೆ. ಬೇರಿಂಗಿನ ಮೇಲೆ ಬೀಳುವ ಹೊರೆಯೂ ಹೆಚ್ಚುತ್ತದೆ.

4. ‘ಸ್ಪ್ರಿಂಗ್ ಎತ್ತರಿಸಿಬಿಡಿ.’

ನಿಂತ ಗಾಡಿಯಲ್ಲಿ ಸಂದು ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಬಂಪ್ ಸ್ಟಾಪ್ ರಬ್ಬರು ಇದ್ದಲ್ಲೇ ಇದ್ದರೆ, ಗುಂಡಿಗೆ ಬಿದ್ದಾಗ ಗಾಲಿ ಮೊದಲು ಎಲ್ಲಿಯವರೆಗೆ ಏರುತ್ತಿತ್ತೋ ಅಲ್ಲಿಯವರೆಗೂ ಏರಿ ಅಲ್ಲೇ ತಿಕ್ಕುತ್ತದೆ. ಲೋಡಾದ ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ಹೊಯ್ದಾಡುವುದೊಂದೇ ಹೆಚ್ಚಿನ ಲಾಭ.

5. ‘ಗ್ರೈಂಡರ್ ತಂದು ಮಡ್‌ಗಾರ್ಡ್ ಕೊಯ್ದರಾಯಿತು.’

ಪ್ಲಾಸ್ಟಿಕ್ ಹೊದಿಕೆಯನ್ನು ಎರಡು ಬೆರಳು ಕತ್ತರಿಸಿದರೆ ನನ್ನ ತಕರಾರಿಲ್ಲ. ತಗಡಿನ ಮಡಿಕೆಯನ್ನು ಕೊಯ್ದರೆ ಉಳಿಯುವ ಅಂಚು ಕುಡುಗೋಲಿನಂಥದು. ಗಾಲಿ ಮೇಲೆದ್ದಾಗಲೆಲ್ಲ ಟೈರಿಗೆ ಗೀರು ಹಾಕುತ್ತದೆ. ಬಣ್ಣ ಹೋದ ತಗಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

6. ‘ಎಲ್ಲರೂ ಹಾಕಿಸಿದ್ದಾರೆ, ಯಾರು ಕೇಳುತ್ತಾರೆ?’

ಕೇಳುವ ದಿನ ಬಂದರೆ ಉತ್ತರ ಇರಬೇಕಲ್ಲ. ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಕೂಡದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಇಷ್ಟೂ ಉಪಾಯಗಳಲ್ಲಿ ಒಂದೇ ಕೊರತೆ. ಎಲ್ಲಿ ತಿಕ್ಕುತ್ತಿದೆ ಎಂದು ಯಾರೂ ಬಗ್ಗಿ ನೋಡಿರಲಿಲ್ಲ. ನಾನು ಜೊತೆಗಾರನ ಗಾಡಿಯ ಮಡ್‌ಗಾರ್ಡಿನ ಒಳಮೈಗೆಲ್ಲ ಸೀಮೆಸುಣ್ಣ ಬಳಿದೆ. ಖಾಲಿ ಗಾಡಿಯಲ್ಲಿ ಎರಡೂ ಕಡೆ ಫುಲ್ ಕಟ್ ಹೊಡೆಸಿದೆ. ಹೊದಿಕೆಯ ಹಿಂಬದಿ ಮೂಲೆಯಲ್ಲಿ ಬಿಳಿ ಅಳಿಸಿತ್ತು. ಅಲ್ಲಿನ ಕ್ಲಿಪ್ ಬಿಟ್ಟುಕೊಂಡು ಪ್ಲಾಸ್ಟಿಕ್ ಜೋತಿತ್ತು. ಹತ್ತು ರೂಪಾಯಿಯ ಕ್ಲಿಪ್ಪಿನಿಂದ ಆ ಸದ್ದು ನಿಂತಿತು. ಆಗ ಗೆಳೆಯರು ನನ್ನ ಮುಖ ನೋಡಿ ನಕ್ಕರು, ನಾನೂ ನಕ್ಕೆ.

ಆಮೇಲೆ ಉಳ್ಳಾಗಡ್ಡಿ ಚೀಲ ಹೇರಿ, ಮುಂದಿನ ಒಂದೇ ಗಾಲಿಯನ್ನು ಕಲ್ಲಿನ ಮೇಲೆ ಹತ್ತಿಸಿ, ಮತ್ತೆ ಸ್ಟೇರಿಂಗ್ ತಿರುಗಿಸಿದೆವು. ಈ ಸಲ ನೆತ್ತಿಯ ತಗಡಿನ ಮಡಿಕೆಯಲ್ಲಿ ಅಂಗೈಯಗಲ ಸುಣ್ಣ ಮಾಯವಾಗಿ, ಟೈರಿನ ಭುಜಕ್ಕೆ ಮೆತ್ತಿತ್ತು. ಇದಕ್ಕೆ ಕ್ಲಿಪ್ಪಿಲ್ಲ. ಜೊತೆಗಾರ ಆ ಬಿಳಿ ಪಟ್ಟಿಯ ಮೇಲೆ ಹೆಬ್ಬೆರಳು ಎಳೆದು ನೋಡಿದ, ಗ್ರೈಂಡರನ್ನು ಅದರ ಡಬ್ಬಿಗೆ ಹಾಕಿದ, ಹಳೇ ಟೈರು ಇಟ್ಟಿದ್ದ ಮನೆಗೆ ಫೋನ್ ಹಚ್ಚಿದ.