ಬಂದರಿನ ಸ್ಮಾರಕದಲ್ಲಿ ಹಮಾಲರಿಗೂ ಒಂದು ಸಾಲು

ಯುದ್ಧವೆಂದರೆ ನಮ್ಮ ಮಕ್ಕಳಿಗೆ ಸೇನಾಪತಿಗಳ ಹೆಸರು, ಇಸವಿ, ಒಪ್ಪಂದ. ಸೈನಿಕನ ಅಕ್ಕಿ, ಬಟ್ಟೆ, ಮದ್ದುಗುಂಡುಗಳು ಯಾವ ಬಂದರಿನಿಂದ, ಯಾರ ಹೆಗಲ ಮೇಲೆ ಹೋದವು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಈ ದುಡಿಮೆಯನ್ನು ನೆನೆಯುವ ಸ್ಥಳವೊಂದು ಮುಂಬಯಿಯಲ್ಲಿದೆ. ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿರುವ ಸ್ಮಾರಕವು ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಎರಡು ಸಾವಿರಕ್ಕೂ ಹೆಚ್ಚು ನಾವಿಕರದು. ಎರಡನೆಯ ಯುದ್ಧದಲ್ಲಿ ಸಮುದ್ರದ ಪಾಲಾದ ಆರು ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳು ಒಂದೇ ತೆರನಾದ ಎರಡು ಗ್ರಂಥಗಳಲ್ಲಿ ದಾಖಲಾಗಿವೆ. ಒಂದು ಮುಂಬಯಿಗೆ, ಇನ್ನೊಂದು ಚಿತ್ತಗಾಂಗಿಗೆ ಸೇರಿದ್ದು. ಇವರಲ್ಲಿ ಅನೇಕರು ಸರಕು ಹಡಗುಗಳಲ್ಲಿ ದುಡಿದವರು. ಅವರ ಹೆಸರುಗಳು ಉಳಿದುದು ಯೋಗ್ಯವೇ ಆಯಿತು.

ಆದರೆ ಹಡಗಿಗೆ ಸರಕು ತುಂಬಿದವರ, ಇಳಿಸಿದವರ ಪಾಡೇನು? 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಒಡಲಲ್ಲಿ ಸುಮಾರು 1,400 ಟನ್ ಸ್ಫೋಟಕ. ಅದರ ಜೊತೆಗೇ ಕರಾಚಿಯಲ್ಲಿ ತುಂಬಿದ ಹತ್ತಿಯ ಅಂಡಿಗೆಗಳು. ಹತ್ತಿಯನ್ನೂ ಮದ್ದನ್ನೂ ಒಟ್ಟಿಗೆ ಇಡಬಾರದೆಂಬುದು ಹಳ್ಳಿಯ ಅಂಗಡಿಯವನಿಗೂ ಗೊತ್ತು! ಯುದ್ಧದ ಅವಸರ ಆ ವಿವೇಕವನ್ನು ನುಂಗಿತು. ಸಂಜೆ ನಾಲ್ಕು ಗಂಟೆಯ ನಂತರ ಅರ್ಧ ಗಂಟೆಯ ಅಂತರದಲ್ಲಿ ಎರಡು ಮಹಾಸ್ಫೋಟಗಳು ಸಂಭವಿಸಿದವು. ಅವುಗಳ ಕಂಪನ ದೂರದ ಶಿಮ್ಲಾದ ಭೂಕಂಪ ಮಾಪಕದಲ್ಲಿಯೂ ದಾಖಲಾಯಿತು.

ಬೆಂಕಿ ಆರಿಸಲು ಹೋಗಿ ಮಡಿದ ಅಗ್ನಿಶಾಮಕ ದಳದವರು 66 ಮಂದಿ. ಅವರ ನೆನಪಿಗಾಗಿಯೇ ದೇಶವೆಲ್ಲ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹವನ್ನು ಆಚರಿಸುತ್ತದೆ. ಹಡಗಿನಲ್ಲಿದ್ದ ಚಿನ್ನದ ಗಟ್ಟಿಗಳ ಲೆಕ್ಕವೂ ಚೊಕ್ಕವಾಗಿದೆ: 31 ಪೆಟ್ಟಿಗೆ, ಪೆಟ್ಟಿಗೆಗೆ ನಾಲ್ಕರಂತೆ 124. ಒಟ್ಟು ಸತ್ತವರೆಷ್ಟು ಎಂದು ಕೇಳಿದರೆ ಮಾತ್ರ ಒಂದು ಪುಸ್ತಕ ಎಂಟುನೂರು ಎನ್ನುತ್ತದೆ, ಇನ್ನೊಂದು ಸಾವಿರದ ಮುನ್ನೂರು ಎನ್ನುತ್ತದೆ. ನಡುವಿನ ಐನೂರು ಜೀವಗಳು ಯಾರವು? ದಿನಗೂಲಿಯ ಹಮಾಲರ ಹೆಸರನ್ನು ಯಾವ ರಿಜಿಸ್ಟರಿನಲ್ಲಿ ಹುಡುಕುವುದು? ಚಿನ್ನಕ್ಕೆ ರಶೀದಿಯಿತ್ತು, ಅವರಿಗೆ ಇರಲಿಲ್ಲ.

ಬಂದರಿನ ಯುದ್ಧಸೇವೆಯನ್ನು ಕೊಂಡಾಡುವ ಯಾವುದೇ ಫಲಕದಲ್ಲಿ ಈ ಹೆಸರಿಲ್ಲದವರಿಗೂ ಒಂದು ಸಾಲು ಮೀಸಲಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹೆಸರು ತಿಳಿಯದಿದ್ದರೆ 'ಸಂಖ್ಯೆ ತಿಳಿಯದು' ಎಂದೇ ಕೆತ್ತಲಿ, ಅದೂ ಸತ್ಯವೇ. ಮರಾಠಿಯಲ್ಲಿದ್ದರೆ ಸಾಕು, ಕನ್ನಡದಲ್ಲೇ ಬೇಕೆಂಬ ಹಟ ನನಗಿಲ್ಲ. ಮುಂಬಯಿಯಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳೇ, ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಆ ಕಡೆ ಹೋಗಿ ಬನ್ನಿ. ಶಾಲೆಗಳಲ್ಲಿರುವವರು ಬರುವ ಏಪ್ರಿಲ್‌ನಲ್ಲಿ ಬೆಂಕಿ ಆರಿಸುವ ವಿಧಾನವನ್ನು ತೋರಿಸುವ ಮೊದಲು ಈ ಹಡಗಿನ ಕಥೆಯನ್ನು ಹತ್ತು ನಿಮಿಷ ಹೇಳಿ.