ಹಳೆಯ ಜೀಪು, ಹಳ್ಳದ ನೀರು

ಖಂಡೇನವಮಿ ಸಮೀಪಿಸಿದಂತೆ ಬೀಳಗಿ ಸೀಮೆಯ ಹಳ್ಳಗಳ ದಂಡೆಗೆ ಟ್ರ್ಯಾಕ್ಟರು, ಟಂಟಂ, ಜೀಪುಗಳು ಬಂದು ನಿಲ್ಲುತ್ತವೆ. ಗಾಲಿ ಮುಳುಗುವಷ್ಟು ನೀರಿಗೆ ಗಾಡಿಯನ್ನು ಇಳಿಸಿ, ತಳದ ಗ್ರೀಸು, ಎಣ್ಣೆ, ಕೆಸರುಗಳನ್ನು ಉಜ್ಜಿ ತೊಳೆಯಲಾಗುತ್ತದೆ. ಮರುದಿನ ಕುಂಬಳಕಾಯಿ ಒಡೆದು, ಚೆಂಡುಹೂವಿನ ಮಾಲೆ ಏರಿಸಿ ಪೂಜೆ ನಡೆಯುತ್ತದೆ. ಹಳ್ಳದ ನೀರಿನ ಮೇಲೆ ಮಾತ್ರ ಕಾಮನಬಿಲ್ಲಿನ ಬಣ್ಣದ ತೆಳುಪೊರೆಯೊಂದು ತೇಲುತ್ತಿರುತ್ತದೆ. ಸಂಜೆ ದನಕರುಗಳು ನೀರಿಗಿಳಿಯುವುದು ಅಲ್ಲಿಗೇ. ಯಂತ್ರಕ್ಕೆ ಸಲ್ಲುವ ಮರ್ಯಾದೆ ನೀರಿಗೆ ಏಕೆ ಸಲ್ಲುವುದಿಲ್ಲ?

ಕೃಷ್ಣೆ ಮತ್ತು ಘಟಪ್ರಭೆಗಳ ನಡುವಿನ ಈ ತಾಲ್ಲೂಕಿನಲ್ಲಿ ಜೀಪು ಶೋಕಿಯ ವಸ್ತುವಲ್ಲ. ನದಿಯ ಮಗ್ಗುಲಿನ ಎರೆಭೂಮಿ ಮಳೆಗಾಲದಲ್ಲಿ ಸಾಮಾನ್ಯ ವಾಹನದ ಗಾಲಿಯನ್ನು ನುಂಗಿಬಿಡುತ್ತದೆ. ಒಳನಾಡಿನ ಗುಡ್ಡಗಳ ದಾರಿಯೋ ಬರೀ ಕಲ್ಲು, ಗರಸು. ಬೀಳಗಿ, ಮುಧೋಳ ತಾಲ್ಲೂಕುಗಳ ಗುಡ್ಡಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಧಾಮದ ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್. ಇಂಥ ನೆಲದಲ್ಲಿ ಬೇನೆ ತಿನ್ನುವ ಬಸುರಿಯನ್ನು ಡಾಂಬರು ರಸ್ತೆಗೆ ಮುಟ್ಟಿಸುವುದೂ, ಗೊಬ್ಬರದ ಚೀಲವನ್ನು ಹೊಲಕ್ಕೆ ಒಯ್ಯುವುದೂ ಎಷ್ಟೋ ಸಲ ನಾಲ್ಕೂ ಗಾಲಿಗೆ ಬಲವಿರುವ ಮುದಿ ಗಾಡಿಯ ಪಾಲಿಗೇ ಬರುತ್ತದೆ.

ಈ ಗಾಡಿ ಮುದಿಯಾಗಿಯೂ ಬಾಳುವುದಕ್ಕೆ ಅದರ ರಚನೆಯೇ ಕಾರಣ. ಎರಡನೆಯ ಮಹಾಯುದ್ಧಕ್ಕಾಗಿ ರೂಪುಗೊಂಡ ವಿಲ್ಲಿಸ್ ಜೀಪನ್ನು ಮಹೀಂದ್ರ ಸಂಸ್ಥೆ 1947ರಲ್ಲಿ ಮುಂಬೈಯಲ್ಲಿ ಜೋಡಿಸತೊಡಗಿತು. ರಣರಂಗದಲ್ಲಿ ಸಾಮಾನ್ಯ ಸೈನಿಕನೂ ಬಿಚ್ಚಿ ಜೋಡಿಸಬಲ್ಲಂತೆ ಮಾಡಿದ ಯಂತ್ರವದು. ಅದರ ಸಂತತಿಯ ಜೀಪುಗಳಲ್ಲಿಯೂ ಪಟ್ಟಿ ಸ್ಪ್ರಿಂಗು, ಗಟ್ಟಿ ಅಚ್ಚು, ಚಾಸಿಗೆ ಬೋಲ್ಟಿನಿಂದ ಬಿಗಿದ ಬಾಡಿ ಉಳಿದುಬಂದವು. ಸ್ಪ್ಯಾನರು, ಜ್ಯಾಕು, ಗ್ರೀಸ್ ಗನ್ನುಗಳಿದ್ದರೆ ಅಂಗಳದಲ್ಲಿಯೇ ಅರ್ಧ ರಿಪೇರಿ ಮುಗಿಯುತ್ತದೆ. ಬಡಿಗ, ಕಮ್ಮಾರರು ಚಕ್ಕಡಿಯನ್ನು ತಲೆಮಾರುಗಟ್ಟಲೆ ಉಳಿಸಿದ ವಿದ್ಯೆಯೇ ಇಲ್ಲಿ ಮುಂದುವರಿದಿದೆ.

ಆದರೆ ಕಾಲ ಈಗ ಹಳೆಯ ಗಾಡಿಗೆ ಪ್ರತಿಕೂಲವಾಗಿದೆ. 2021ರಲ್ಲಿ ಕೇಂದ್ರದ ಗುಜರಿ ನೀತಿ ಬಂದಿತು. 15 ವರ್ಷ ದಾಟಿದ ಕಾರು, ಜೀಪುಗಳ ಮರುನೋಂದಣಿ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5000 ರೂಪಾಯಿಗೆ ಏರಿಸಲಾಯಿತು. 2023ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವುದೇ ನಿಂತಿತು. ನಗರದ ಗಾಳಿಯ ದೃಷ್ಟಿಯಿಂದ ಇದರಲ್ಲಿ ಹುರುಳಿದೆ. ಆದರೆ ದಿನವೂ ನೂರಾರು ಕಿಲೋಮೀಟರ್ ಓಡುವ ಗಾಡಿಗೂ, ಸಂತೆಗೆ ಮತ್ತು ಹೊಲಕ್ಕೆ ಮಾತ್ರ ಹೋಗಿಬರುವ ಗುಡ್ಡದೂರಿನ ಜೀಪಿಗೂ ವಯಸ್ಸೊಂದೇ ಅಳತೆಗೋಲಾಗಬಾರದು. ಹೊಸ ಗಾಡಿ ಮಾಡಲು ಉಕ್ಕು, ರಬ್ಬರು, ವಿದ್ಯುತ್ತು ಬೇಕು. ಅವೆಲ್ಲವೂ ಯಾವುದೋ ಗುಡ್ಡವನ್ನು ಅಗೆದೇ ಬರುತ್ತವೆ. ಕಡಿಮೆ ಓಡುವ ಗಾಡಿಯನ್ನು ಚೆನ್ನಾಗಿ ದುರಸ್ತಿ ಮಾಡಿಟ್ಟುಕೊಳ್ಳುವುದು ಪರಿಸರಕ್ಕೆ ಎಸಗುವ ದ್ರೋಹವಲ್ಲ.

ಹಾಗೆಂದು ಈ ವಾದವನ್ನು ಬೇಜವಾಬ್ದಾರಿಗೆ ಗುರಾಣಿಯಾಗಿ ಹಿಡಿಯುವಂತಿಲ್ಲ. ದುರಸ್ತಿಯ ಹಕ್ಕು ಕೇಳುವವರು ದುರಸ್ತಿಯ ಹೊಲಸಿಗೂ ಹೊಣೆಯಾಗಬೇಕು. ಚಕ್ಕಡಿಯ ಕಾಲದಲ್ಲಿ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ಔಡಲದ್ದು. ನೆಲಕ್ಕೆ ಬಿದ್ದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಕರಗಿಸುತ್ತಿದ್ದವು. ಇಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆ ಆ ಜಾತಿಯದಲ್ಲ. ಅದರಲ್ಲಿ ಸವೆದ ಲೋಹದ ಕಣಗಳಿವೆ, ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್ನುಗಳಿವೆ. ಅದು ಬಿದ್ದ ಮಣ್ಣು ನೀರನ್ನು ಹೀರುವುದಿಲ್ಲ, ಬೀಜ ಸರಿಯಾಗಿ ಮೊಳೆಯುವುದಿಲ್ಲ. ಒಂದು ಸಲ ಬದಲಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಗೆದ್ದಲಿಗೆಂದು ಈ ಎಣ್ಣೆಯನ್ನು ಬೇಲಿಗೂಟಕ್ಕೆ ಬಳಿಯುವುದೂ, ಹುತ್ತಕ್ಕೆ ಸುರಿಯುವುದೂ ಬಾವಿಯ ನೀರಿಗೆ ಅದನ್ನು ತಡವಾಗಿ ಸುರಿದಂತೆಯೇ.

ಮಾಡಬೇಕಾದುದು ಕಷ್ಟದ್ದೇನಲ್ಲ. ಎಣ್ಣೆ ಇಳಿಸುವಾಗ ಅಗಲವಾದ ಬೋಗುಣಿ ಇಟ್ಟು, ಮುಚ್ಚಳದ ಡಬ್ಬಿಯಲ್ಲಿ ಶೇಖರಿಸಬೇಕು. ನೀರನ್ನಾಗಲಿ ಪೆಟ್ರೋಲನ್ನಾಗಲಿ ಬೆರೆಸಬಾರದು, ಬೆರೆಸಿದರೆ ಮರುಶುದ್ಧಿ ಕಷ್ಟ. ರೇಡಿಯೇಟರಿನ ಹಸಿರು ದ್ರವ ಸಿಹಿಯಾಗಿದ್ದು ವಿಷಕಾರಿ. ಅದನ್ನು ದನ, ನಾಯಿಗಳಿಗೆ ಸಿಗದಂತೆ ಇಡಬೇಕು. ಹಳೆಯ ಬ್ರೇಕ್ ಪಟ್ಟಿಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಅದರ ಧೂಳನ್ನು ಬಾಯಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳ್ಳ ದಾಟಿ ಬಂದ ಮೇಲೆ ಡಿಫರೆನ್ಷಿಯಲ್ ಎಣ್ಣೆಯನ್ನು ನೋಡಬೇಕು. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ. ನೀರು ಒಳಹೋದ ಸೀಲಿನಿಂದ ಎಣ್ಣೆಯೂ ಹೊರಬರುತ್ತದೆ ಎಂಬುದನ್ನು ಮರೆಯಬಾರದು.

ಹೊಗೆಯೂ ಮಾತನಾಡುತ್ತದೆ. ಕಪ್ಪು ಹೊಗೆಯೆಂದರೆ ಗಾಳಿಯ ಶೋಧಕ ಕಟ್ಟಿರಬೇಕು ಇಲ್ಲವೆ ಇಂಜೆಕ್ಟರ್ ಕೆಟ್ಟಿರಬೇಕು. ನೀಲಿಯಾದರೆ ಇಂಜಿನ್ ತನ್ನ ಎಣ್ಣೆಯನ್ನೇ ಸುಡುತ್ತಿದೆ. ಹಳೆಯ ಡೀಸೆಲ್ ಜೀಪಿನ ಎಣ್ಣೆತೊಟ್ಟಿಯ ಶೋಧಕಕ್ಕೆ ಗುಡ್ಡದ ಧೂಳು ಬೇಗ ತುಂಬುತ್ತದೆ. ಅದನ್ನು ಆಗಾಗ ತೊಳೆದು ಎಣ್ಣೆ ಬದಲಿಸಿದರೆ ಇಂಜಿನ್ನಿಗೂ ಊರವರ ಪುಪ್ಪುಸಕ್ಕೂ ಆಯುಷ್ಯ. ಎಷ್ಟು ಸರಿಪಡಿಸಿದರೂ ಹೊಗೆ ನಿಲ್ಲದ ಗಾಡಿಯನ್ನು ಬೀಳ್ಕೊಡುವುದೇ ಧರ್ಮ.

ಚಾಲಕನ ಹೊಣೆಯೂ ಇದೆ. ಇಳಿಜಾರಿನಲ್ಲಿ ನೇರ ಮೇಲಕ್ಕೆ ಗಾಲಿ ಉಜ್ಜಿ ಏರಿದರೆ ಬೀಳುವ ಜಾಡೇ ಮುಂದಿನ ಮಳೆಯ ಕಾಲುವೆ, ಕೆಲವೇ ವರ್ಷಗಳಲ್ಲಿ ಕೊರಕಲು. ಗುಡ್ಡದ ಮೇಲ್ಮಣ್ಣು ಗೇಣುದ್ದವೂ ಇಲ್ಲದ ಕಡೆ ಇದು ತುಂಬಿಕೊಳ್ಳಲಾಗದ ನಷ್ಟ. ರೂಢಿಯ ಹಾದಿಯನ್ನು ಬಿಟ್ಟಿಳಿಯದಿರುವುದು, ಹಸಿಮಣ್ಣಿನಲ್ಲಿ ಓಡಿಸದಿರುವುದು ಚಿಂಕಾರ ಮೇಯುವ ಹುಲ್ಲಿಗೂ, ಕೆಳಗಿನ ಕೆರೆಗೂ ರಕ್ಷೆ.

ಆದರೆ ಡಬ್ಬಿಯಲ್ಲಿ ಶೇಖರಿಸಿದ ಎಣ್ಣೆಯನ್ನು ಎಲ್ಲಿಗೆ ಒಯ್ಯಬೇಕು? ಹಳ್ಳಿಗನನ್ನಷ್ಟೇ ದೂರುವವರು ಇದಕ್ಕೆ ಉತ್ತರ ಹೇಳಬೇಕು. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ; 2024ರ ಏಪ್ರಿಲ್‌ನಿಂದ ಅದರ ಮರುಬಳಕೆಯ ಹೊಣೆ ಎಣ್ಣೆ ತಯಾರಕರ ಮೇಲೂ ಇದೆ. ಕಾಯಿದೆ ಕಾಗದದಿಂದಿಳಿದು ಹೋಬಳಿಗೆ ಬರಬೇಕಾದರೆ ಪ್ರತಿ ಗ್ರಾಮ ಪಂಚಾಯಿತಿ ನೆರಳಿನಲ್ಲಿ, ಸಿಮೆಂಟು ನೆಲದ ಮೇಲೆ ಮುಚ್ಚಳದ ಪೀಪಾಯಿಯೊಂದನ್ನು ಇರಿಸಬೇಕು. ತುಂಬಿದಾಗ ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ಊರಿನ ಗ್ಯಾರೇಜಿನವರೂ, ಐಟಿಐ ವಿದ್ಯಾರ್ಥಿಗಳೂ ಸೇರಿ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಬರಹದಲ್ಲಿ ಇಡಬಹುದು.

ಮುಂದಿನ ಖಂಡೇನವಮಿಗೆ ಜೀಪನ್ನು ಹಳ್ಳಕ್ಕಿಳಿಸದೆ, ಅಂಗಳದಲ್ಲಿ ಎರಡು ಕೊಡ ನೀರಿನಿಂದ ಒರೆಸಿ, ಸೋರುವ ಸೀಲೊಂದನ್ನು ಬದಲಿಸಿದರೆ ಸಾಕು. ಆರೈಕೆಯೇ ನಿಜವಾದ ಆಯುಧಪೂಜೆ.